ಪಪ್ಪ ಮಲಗಿದ್ದಾಗ ಕಲಿತ ಬ್ಯಾಲೆ

ನಾನು ಹಿಂದೆ ಬಂದು ನಿಂತದ್ದು ಗೊತ್ತೇ ಆಗುವುದಿಲ್ಲ ಎಂದು ನನ್ನ ಗಂಡ ಈಗಲೂ ಬೈಯುತ್ತಾರೆ. ಒಲೆಯ ಮುಂದೆ ನಿಂತವರು ತಿರುಗಿ ನೋಡಿ ಬೆಚ್ಚಿಬೀಳುತ್ತಾರೆ, ಕೈಯ ಸೌಟು ಕೆಳಗೆ ಬೀಳುತ್ತದೆ. ಆ ಸದ್ದಿಗೆ ನಾನು ಅವರಿಗಿಂತ ಹೆಚ್ಚು ಬೆಚ್ಚುತ್ತೇನೆ. ಕುತ್ತಿಗೆ ತಾನಾಗಿ ಮಲಗುವ ಕೋಣೆಯ ಕಡೆ ತಿರುಗುತ್ತದೆ. ಅಲ್ಲಿ ಯಾರೂ ಮಲಗಿಲ್ಲ ಎಂದು ನನಗೆ ಗೊತ್ತು, ಆದರೆ ನನ್ನ ಕುತ್ತಿಗೆಗೆ ಗೊತ್ತಿಲ್ಲ. ಈ ಕಾಲು, ಈ ಕಿವಿ, ಈ ಸುಮ್ಮಸುಮ್ಮನೆ ಡವಡವ ಎನ್ನುವ ಎದೆ, ಎಲ್ಲವೂ ಕುವೈತಿನ ಫಹಾಹೀಲಿನ ಒಂದು ಹಳೇ ಕಟ್ಟಡದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ತಯಾರಾದವು. ಬೇರೆಯವರ ಬಾಲ್ಯದ ಮನೆ ಎಂದರೆ ಗಲಾಟೆ, ನಗು, ಜಗಳ. ನಮ್ಮದು ಪಿಸುಮಾತಿನ ಮನೆ. ನಾವು ಜಗಳವನ್ನೂ ಪಿಸುಗುಟ್ಟಿಕೊಂಡೇ ಆಡುತ್ತಿದ್ದೆವು. ಅಮ್ಮ ನನ್ನ ಬೆನ್ನಿಗೆ ಹೊಡೆಯುವಾಗಲೂ ಕೈಗೆ ಟವೆಲ್ ಸುತ್ತಿಕೊಳ್ಳುತ್ತಿದ್ದಳು ಎಂದು ನಾನು ತಮಾಷೆ ಮಾಡುವುದುಂಟು. ಅದು ಪೂರ್ತಿ ಸುಳ್ಳಲ್ಲ.

ಪಪ್ಪ ಶುಐಬಾದ ಒಂದು ಪೆಟ್ರೋಕೆಮಿಕಲ್ ಪ್ಲಾಂಟಿನಲ್ಲಿ ಆಪರೇಟರ್. ನೈಟ್ ಶಿಫ್ಟ್ ಇದ್ದಾಗ ಕಂಪನಿಯ ಬಸ್ಸು ಬೆಳಿಗ್ಗೆ ಅವರನ್ನು ಕೆಳಗೆ ಇಳಿಸಿ ಹೋಗುತ್ತಿತ್ತು. ಬೂಟು ಹೊರಗೆ ಬಿಟ್ಟು, ಸ್ನಾನ ಮಾಡಿ, ನೀರುದೋಸೆ ತಿಂದು ಅವರು ಕೋಣೆಯ ಬಾಗಿಲು ಹಾಕಿಕೊಂಡರೆಂದರೆ ಅಮ್ಮನ ಕಾನೂನು ಜಾರಿಗೆ ಬರುತ್ತಿತ್ತು. ಟಿವಿ ಇಲ್ಲ, ಕುಕ್ಕರ್ ಇಲ್ಲ, ಮಿಕ್ಸಿ ಇಲ್ಲ. ಕುರ್ಚಿಯನ್ನು ಎಳೆಯುವಂತಿಲ್ಲ, ಎತ್ತಿ ಇಡಬೇಕು. ಕಾಲಿಂಗ್ ಬೆಲ್ಲಿನ ತಂತಿಯನ್ನು ಅಮ್ಮನೇ ಸ್ಕ್ರೂಡ್ರೈವರ್ ಹಿಡಿದು ಕಳಚಿದ್ದಳು. ಬರುವವರು ಉಗುರಿನಿಂದ ಬಾಗಿಲು ಕೆರೆಯಬೇಕಿತ್ತು, ಕಟ್ಟಡದ ಕಾವಲುಗಾರ ಈಜಿಪ್ಟಿನ ಹಾರಿಸ್ ಕೂಡ ಹಾಗೆಯೇ ಕೆರೆಯುತ್ತಿದ್ದ. ಕೋರಿ ರೊಟ್ಟಿ ಮಾಡುವ ದಿನ ಅಮ್ಮ ತೆಂಗಿನಕಾಯಿ ತುರಿ, ಹುರಿದ ಮೆಣಸು, ಕೊತ್ತಂಬರಿ ಎಲ್ಲವನ್ನೂ ಪಾತ್ರೆಗೆ ಹಾಕಿಕೊಂಡು ಮೇಲಿನ ಮಹಡಿಯ ಝೊಹರಾ ಆಂಟಿಯ ಮನೆಗೆ ಹೋಗಿ ಅರೆದು ತರುತ್ತಿದ್ದಳು. ಝೊಹರಾ ಆಂಟಿ ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು, ಗಂಡ, ಅಂದರೆ ಮಕ್ಕಳ ‘ಉಪ್ಪ’, ಫಹಾಹೀಲಿನಲ್ಲೇ ಮೊಬೈಲ್ ಅಂಗಡಿ ಇಟ್ಟಿದ್ದರು. ಅವರ ಮನೆಯಲ್ಲಿ ಮಿಕ್ಸಿ, ಟಿವಿ, ಮಕ್ಕಳು ಎಲ್ಲವೂ ಏಕಕಾಲಕ್ಕೆ ಕೂಗುತ್ತಿದ್ದವು. ಅಲ್ಲಿಗೆ ಹೋದರೆ ನನಗೆ ಜಾತ್ರೆಗೆ ಹೋದಷ್ಟು ಖುಷಿ, ಹಾಗೆಯೇ ಒಂಥರಾ ದಿಗಿಲು. ಇವರಿಗೆಲ್ಲ ಇಷ್ಟು ಧೈರ್ಯ ಎಲ್ಲಿಂದ ಬಂತು ಅನ್ನಿಸುತ್ತಿತ್ತು.

ಈ ಕಾನೂನಿಗೆ ಕಾರಣವನ್ನು ಅಮ್ಮ ಒಂದೇ ಸಲ ಹೇಳಿದ್ದಳು. ಆ ಒಂದು ಸಲ ಸಾಕಾಯಿತು.

“ಪಪ್ಪನಿಗೆ ಹಗಲು ನಿದ್ದೆ ಆಗದಿದ್ರೆ ರಾತ್ರಿ ಡ್ಯೂಟಿಯಲ್ಲಿ ತೂಕಡಿಕೆ ಬರ್ತದೆ ಮಗಾ. ಅಲ್ಲಿ ಪ್ಯಾನೆಲ್ ಎದುರು ಕೂತವ ತೂಕಡಿಸಿದ್ರೆ ಎಂತ ಆಗ್ತದೆ ಗೊತ್ತುಂಟಾ?”

ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ. ಹೇಳದೆ ಬಿಟ್ಟದ್ದನ್ನು ನಾನು ಒಬ್ಬಳೇ ಕೂತು ತುಂಬಿಸಿಕೊಂಡೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ದೂರದಲ್ಲಿ ಶುಐಬಾದ ಚಿಮಣಿಗಳು ಕಾಣುತ್ತಿದ್ದವು, ಅವುಗಳ ತುದಿಯಲ್ಲಿ ಸದಾ ಉರಿಯುವ ಬೆಂಕಿ. ಸಂಜೆ ಪಪ್ಪ ಬಸ್ಸು ಹತ್ತಿದ ಮೇಲೆ ನಾನು ಸ್ಟೂಲು ಹತ್ತಿ ಆ ಬೆಂಕಿಯನ್ನು ನೋಡುತ್ತಿದ್ದೆ. ಸಣ್ಣಗಿದ್ದರೆ ಪಪ್ಪ ಎಚ್ಚರವಾಗಿದ್ದಾರೆ. ಒಮ್ಮೊಮ್ಮೆ ಅದು ಭುಗ್ಗೆಂದು ಎದ್ದು ಆಕಾಶವೆಲ್ಲ ಕೆಂಪಾಗುತ್ತಿತ್ತು. ಆಗ ನಾನು ಆ ದಿನ ಮಾಡಿದ ಸದ್ದುಗಳನ್ನೆಲ್ಲ ನೆನಪಿಸಿಕೊಳ್ಳುತ್ತಿದ್ದೆ. ಮಧ್ಯಾಹ್ನ ಚಮಚ ಬಿದ್ದಿತ್ತು. ಬಾತ್‌ರೂಮಿನ ಬಾಗಿಲು ಗಾಳಿಗೆ ಬಡಿದಿತ್ತು. ಹಾಗೆ ಎದ್ದ ಬೆಂಕಿಗೂ ನನ್ನ ಚಮಚಕ್ಕೂ ನೇರ ಸಂಬಂಧವಿದೆ ಎಂದು ನಾನು ನಂಬಿದ್ದೆ, ಯಾರನ್ನೂ ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟರೆ?

ವಿಚಿತ್ರವೆಂದರೆ ನಾವು ಎಷ್ಟು ಮೌನವಾದೆವೋ ಪಪ್ಪನ ಕಣ್ಣು ಅಷ್ಟೇ ಕೆಂಪಾಗುತ್ತ ಬಂತು. ಮೊದಲು ಅವರ ಕೋಣೆಯಲ್ಲಿ ಒಂದು ಮುದಿ ವಿಂಡೋ ಎಸಿ ಇತ್ತು, ಲಾರಿಯಂತೆ ಗುಡುಗುತ್ತಿತ್ತು. ಇದರಿಂದಲೇ ನಿದ್ದೆ ಕೆಡುವುದು ಎಂದು ಅಮ್ಮ ಮನೆ ಮಾಲೀಕರ ಬೆನ್ನು ಬಿದ್ದು ಸ್ಪ್ಲಿಟ್ ಎಸಿ ಹಾಕಿಸಿದಳು. ಅದು ಉಸಿರಾಡುವುದೂ ಕೇಳುತ್ತಿರಲಿಲ್ಲ. ಅಂದಿನಿಂದ ಪಪ್ಪ ಸಂಜೆ ಎದ್ದು ಬಂದಾಗ ಮುಖ ಜೋತುಬಿದ್ದಿರುತ್ತಿತ್ತು. ನಿದ್ದೆ ಬಂತಾ ಎಂದು ಅಮ್ಮ ಕೇಳುವಳು, ಬಂತು ಬಂತು ಎಂದು ಅವರು ಚಾ ಕುಡಿಯುವರು. ಅಮ್ಮ ನನ್ನ ಕಡೆ ನೋಡುವಳು. ಮರುದಿನ ಕಾನೂನಿಗೆ ಇನ್ನೊಂದು ಕಲಂ ಸೇರುತ್ತಿತ್ತು. ಹಾಲಿನ ಗೋಡೆ ಗಡಿಯಾರದ ಟಿಕ್ ಟಿಕ್ ಹೋಯಿತು. ಆಮೇಲೆ ನನ್ನ ಚಪ್ಪಲಿ ಹೋಯಿತು. ಕೊನೆಗೆ ನನ್ನ ಹಿಮ್ಮಡಿಯೇ ಹೋಯಿತು, ಅಂದರೆ ನಾನು ಹಿಮ್ಮಡಿ ಊರುವುದನ್ನೇ ಬಿಟ್ಟು ಕಾಲಿನ ಬೆರಳುಗಳ ಮೇಲೆ ನಡೆಯತೊಡಗಿದೆ. ಶಾಲೆಯಲ್ಲೂ ಹಾಗೆಯೇ, ಸೂಪರ್‌ಮಾರ್ಕೆಟ್ಟಿನಲ್ಲೂ ಹಾಗೆಯೇ.

ಅಮ್ಮ ಜಾಬ್ರಿಯಾದ ಒಂದು ಕ್ಲಿನಿಕ್ಕಿನ ಫಿಸಿಯೋಥೆರಪಿ ವಿಭಾಗದಲ್ಲಿ ಬೆಳಗಿನ ಹೊತ್ತು ಸಹಾಯಕಿಯಾಗಿದ್ದಳು. ನನ್ನ ನಡಿಗೆ ಮೊದಲು ಕಣ್ಣಿಗೆ ಬಿದ್ದದ್ದು ಅವಳಿಗೇ. ಹಿಮ್ಮಡಿಯ ನರ ಬಿಗಿದುಕೊಂಡರೆ ಮುಂದೆ ಆಪರೇಷನ್ ಎಂದು ಡಾಕ್ಟರು ಹೆದರಿಸಿದರು. ಅದೇ ವಿಭಾಗಕ್ಕೆ ಮಂಡಿನೋವಿಗೆ ಬರುತ್ತಿದ್ದವರು ಮಿಸ್ ನೀನಾ. ಆರ್ಮೇನಿಯಾದವರು, ವಯಸ್ಸಾದ ಬ್ಯಾಲೆ ನರ್ತಕಿ, ಕುವೈತ್ ಸಿಟಿಯ ದೊಡ್ಡ ದೊಡ್ಡ ಮನೆಗಳಿಗೆ ಹೋಗಿ ಮಕ್ಕಳಿಗೆ ಕಲಿಸುತ್ತಿದ್ದರು. ನನ್ನನ್ನು ನೋಡಬೇಕೆಂದು ಅವರೇ ಕರೆಸಿದರು. ಕ್ಲಿನಿಕ್ಕಿನ ಕಾರಿಡಾರಿನಲ್ಲಿ ನನ್ನನ್ನು ನಡೆಸಿ, ಜಿಗಿಸಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು. ಅವರ ಇಂಗ್ಲಿಷಿನಲ್ಲಿ ಅರಬ್ಬಿ ಬೆರೆತಿರುತ್ತಿತ್ತು, ಎಲ್ಲ ಹೆಂಗಸರೂ ಅವರ ಬಾಯಲ್ಲಿ ಹಬೀಬ್ತಿ, ಅಂದರೆ ಪ್ರೀತಿಯವಳು.

“ಈ ಹುಡುಗಿ ಜಿಗಿದು ಇಳಿದದ್ದು ನನಗೆ ಕೇಳಲೇ ಇಲ್ಲ. ಇದನ್ನು ಕಲಿಸಲು ನಾನು ವರ್ಷಗಟ್ಟಲೆ ಬಡಿದಾಡುತ್ತೇನೆ, ಹಬೀಬ್ತಿ. ಇವಳಿಗೆ ಯಾರು ಕಲಿಸಿದರು?”

“ಇವಳ ಪಪ್ಪನ ನೈಟ್ ಶಿಫ್ಟ್,” ಎಂದಳು ಅಮ್ಮ.

ಹೀಗೆ ನಮ್ಮ ಕಟ್ಟಡಕ್ಕೆ ಬ್ಯಾಲೆ ಬಂತು. ಕಟ್ಟಡದ ಹೆಂಗಸರಿಗೆ ಅದರ ಹೆಸರೂ ಗೊತ್ತಿರಲಿಲ್ಲ. ನಮ್ಮ ಕಡೆಯ ಹುಡುಗಿಯರೆಲ್ಲ ಅಬ್ಬಾಸಿಯಾಕ್ಕೆ ಹೋಗಿ ಭರತನಾಟ್ಯ ಕಲಿಯುತ್ತಿದ್ದರು. ನನಗೂ ಆಸೆ ಇತ್ತು, ಆದರೆ ಗೆಜ್ಜೆ ಕಟ್ಟಿ ನೆಲಕ್ಕೆ ಬಡಿಯುವ ವಿದ್ಯೆಯನ್ನು ಮನೆಯಲ್ಲಿ ಅಭ್ಯಾಸ ಮಾಡುವುದು ಎಲ್ಲಿ? ಸದ್ದಿಲ್ಲದೆ ಕುಣಿಯುವ ಕುಣಿತವೊಂದು ಭೂಮಿಯ ಮೇಲಿದೆ ಎಂದು ತಿಳಿದಾಗ ಅಮ್ಮನಿಗೆ ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು ಎಂಬಂತಾಯಿತು. ನರವೂ ಸಡಿಲವಾಗುತ್ತದೆ, ಪಪ್ಪನ ನಿದ್ದೆಯೂ ಕೆಡುವುದಿಲ್ಲ. ಅವಳು ಬಾಗಿಲು ಬಾಗಿಲಿಗೆ ಹೋಗಿ ಪ್ರಚಾರ ಮಾಡಿದಳು. ಬಂದ ಹುಡುಗಿಯರೆಲ್ಲ ಶಿಫ್ಟಿನವರ ಮಕ್ಕಳೇ, ಝೊಹರಾ ಆಂಟಿಯ ರುಕಿಯಾ ಒಬ್ಬಳನ್ನು ಬಿಟ್ಟು. ರುಕಿಯಾ ನನ್ನ ಗೆಳತಿ, ನಾನು ಹೋದಲ್ಲಿ ಅವಳಿರಲೇಬೇಕು.

“ಕಾಲು ಕಾಣುವ ಡ್ರೆಸ್ಸೆಲ್ಲ ಆಗುದಿಲ್ಲ ಆಯ್ತಾ,” ಎಂದರು ಝೊಹರಾ ಆಂಟಿ. “ರುಕಿಯಾನ ಉಪ್ಪ ನನ್ನನ್ನು ಮನೆಯಿಂದ ಹೊರಗೆ ಹಾಕ್ತಾರೆ.”

“ಕಾಲು ಕಾಣದೆ ಮಿಸ್ಸಿಗೆ ತಪ್ಪು ಹೇಗೆ ಗೊತ್ತಾಗುದು ಮಾರಾಯ್ತಿ?” ಎಂದಳು ಅಮ್ಮ.

ಕೊನೆಗೆ ಝೊಹರಾ ಆಂಟಿಯೇ ಹೊಲಿಗೆ ಮಿಷನ್ನಿನ ಮುಂದೆ ಕೂತು ಎಲ್ಲರಿಗೂ ಮೊಣಕಾಲಿನ ಕೆಳಗೆ ಬರುವ ಕಪ್ಪು ಲಂಗ, ಒಳಗೆ ಕಪ್ಪು ಲೆಗ್ಗಿಂಗ್ಸ್ ಹೊಲಿದುಕೊಟ್ಟರು. ಮಿಸ್ ನೀನಾ ಅದನ್ನು ನೋಡಿ, ಖಲಾಸ್, ಮುಗಿಯಿತು, ಲಂಗದ ನೆರಿಗೆ ನೋಡಿಯೇ ಕಾಲಿನ ತಪ್ಪು ಹಿಡಿಯುತ್ತೇನೆ ಎಂದರು. ಹಿಡಿದರು ಕೂಡ.

ಝೊಹರಾ ಆಂಟಿಯ ಹಾಲಿನಲ್ಲಿ ಮೈದುನಂದಿರ ಮಂಚಗಳಿದ್ದವು. ಹಾಗಾಗಿ ಕ್ಲಾಸು ನಮ್ಮ ಹಾಲಿನಲ್ಲಿಯೇ ನಡೆಯಬೇಕಾಯಿತು, ಗೋಡೆಯ ಆಚೆ ಪಪ್ಪ ಮಲಗಿರುವಾಗ. ಸೋಫಾವನ್ನು ನಾವೆಲ್ಲ ಸೇರಿ ಎತ್ತಿ ಮೂಲೆಗೆ ಇಡುತ್ತಿದ್ದೆವು, ಅದರ ಬೆನ್ನೇ ನಮಗೆ ಹಿಡಿದು ನಿಲ್ಲುವ ಕಂಬಿ. ಸಿಡಿ ಪ್ಲೇಯರಿನ ಮೇಲೆ ಅಮ್ಮ ದಿಂಬು ಇಡುತ್ತಿದ್ದಳು. ಮಿಸ್ ನೀನಾ ಲೆಕ್ಕವನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಬೆರಳಿನಲ್ಲಿ ತೋರಿಸಬೇಕು. ಪಾಪ, ಅವರು ಅದಕ್ಕೂ ಒಪ್ಪಿಕೊಂಡರು. ಹುಡುಗಿಯರೆಲ್ಲ ಹತ್ತಿಯ ಹಾಗೆ ಇಳಿಯುತ್ತಿದ್ದರು, ಸಿಟಿಯ ಮಕ್ಕಳು ಮೂಟೆ ಬಿದ್ದ ಹಾಗೆ ಬೀಳುತ್ತಾರೆ ಎಂದು ಮಿಸ್ ಹೊಗಳುತ್ತಿದ್ದರು. ರುಕಿಯಾ ಮಾತ್ರ ಧಡ್ ಎಂದು ಇಳಿಯುತ್ತಿದ್ದಳು. ಅವಳು ಇಳಿದಾಗಲೆಲ್ಲ ನನ್ನ ಕಣ್ಣು ಮುಚ್ಚಿದ ಬಾಗಿಲಿಗೆ ಹೋಗುತ್ತಿತ್ತು. ಬಾಗಿಲು ತೆರೆಯುತ್ತಿರಲಿಲ್ಲ. ಆದರೆ ತೆರೆದರೆ ಎಂಬ ಭಯದಲ್ಲಿ ನನಗೆ ಸಂಗೀತವೇ ಕೇಳಿಸುತ್ತಿರಲಿಲ್ಲ.

ಕೆಲವು ತಿಂಗಳಲ್ಲಿ ನನ್ನ ಹಿಮ್ಮಡಿ ನೆಲ ಮುಟ್ಟತೊಡಗಿತು, ಡಾಕ್ಟರಿಗೆ ಸಮಾಧಾನವಾಯಿತು. ಮಿಸ್ ನೀನಾಗೆ ಆಗಲಿಲ್ಲ. ನಾನು ಸದ್ದಿಲ್ಲದೆ ಇಳಿಯುತ್ತಿದ್ದೆ ನಿಜ, ಆದರೆ ಮೇಲಕ್ಕೆ ಏರುತ್ತಲೇ ಇರಲಿಲ್ಲ. ಮೇಲೆ ಹೋಗಬೇಕಾದರೆ ಮೊದಲು ಕೆಳಗೆ ಒತ್ತಬೇಕು, ಇಡೀ ಪಾದ ಊರಿ ನೆಲವನ್ನು ತಳ್ಳಬೇಕು. ನನಗೆ ಅದು ಬರುತ್ತಿರಲಿಲ್ಲ. ತಳ್ಳಿದರೆ ಸದ್ದಾಗುತ್ತದೆ.

“ಯಲ್ಲಾ, ಒತ್ತು! ನೀನು ನೆಲದ ಹತ್ತಿರ ಕ್ಷಮೆ ಕೇಳುತ್ತಿದ್ದೀಯ,” ಎಂದು ಮಿಸ್ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು. “ನೆಲ ಇರುವುದೇ ತುಳಿಯಲಿಕ್ಕೆ. ಅದಕ್ಕೆ ಬೇಸರವಿಲ್ಲ.”

ನೆಲಕ್ಕೆ ಬೇಸರವಿಲ್ಲದಿರಬಹುದು. ಶುಐಬಾದ ಬೆಂಕಿಯ ಸಂಗತಿ ಅವರಿಗೇನು ಗೊತ್ತು?

ಚಳಿಗಾಲದಲ್ಲಿ ನಮ್ಮ ಕಡೆಯವರ ಸಂಘದ ವಾರ್ಷಿಕೋತ್ಸವ ಬಂತು. ಒಂದು ಶಾಲೆಯ ಸಭಾಂಗಣ, ಶುಕ್ರವಾರ ಮಧ್ಯಾಹ್ನ. ನಮ್ಮ ಬ್ಯಾಲೆಗೂ ಒಂದು ಅವಕಾಶ ಸಿಕ್ಕಿತು, ಕೊನೆಯ ಜಿಗಿತ ನನ್ನೊಬ್ಬಳದೇ. ಪಪ್ಪನಿಗೆ ಗುರುವಾರವೂ ನೈಟ್, ಶುಕ್ರವಾರವೂ ನೈಟ್. ಅಂದರೆ ನಮ್ಮ ಕಾರ್ಯಕ್ರಮ ಅವರ ನಿದ್ದೆಯ ಹೊತ್ತಿಗೆ ಸರಿಯಾಗಿ ಬಂದು ಕೂತಿತ್ತು. ಬರಬೇಡಿ ಎಂದು ಅಮ್ಮ ಹೇಳಿದಳು. ನಾನು ಬರಬೇಡಿ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಬಂದರೆ ನೋಡುತ್ತಾರೆಂಬ ಆಸೆ, ಬಂದರೆ ನಿದ್ದೆ ಹೋಗುತ್ತದೆಂಬ ಭಯ, ಎರಡರ ನಡುವೆ ನನಗೆ ಆ ವಾರ ಊಟ ಸೇರಲಿಲ್ಲ. ಶುಕ್ರವಾರ ಬೆಳಿಗ್ಗೆ ಬಸ್ಸಿನಿಂದ ಇಳಿದವರು ಮಲಗಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾರಿನ ಬೀಗದ ಕೈ ತಿರುಗಿಸುತ್ತ ಬಾಗಿಲಲ್ಲಿ ನಿಂತರು.

“ಮಗಳ ಆಟ ನೋಡ್ಲಿಕ್ಕೆ ಉಂಟು. ನಿದ್ದೆ ನಾಳೆಯೂ ಮಾಡ್ಬಹುದು.”

“ಇವತ್ತಿನ ಡ್ಯೂಟಿ ನಾಳೆ ಮಾಡ್ತೀರಾ?” ಎಂದಳು ಅಮ್ಮ. ಪಪ್ಪ ಆಗಲೇ ಮೆಟ್ಟಿಲು ಇಳಿಯುತ್ತಿದ್ದರು.

ರಂಗದ ಹಲಗೆ ಒಳಗೆ ಟೊಳ್ಳು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಟೈಲ್ಸಿನ ಮೇಲೆ ಹತ್ತಿಯಂತೆ ಇಳಿಯುತ್ತಿದ್ದ ಹುಡುಗಿಯರು ಇಲ್ಲಿ ಮೊದಲ ಹೆಜ್ಜೆ ಇಟ್ಟೊಡನೆ ಇಡೀ ವೇದಿಕೆ ಧಡಧಡ ಎಂದಿತು. ರುಕಿಯಾ ಇಳಿದರೆ ಮೈಕು ಅಲುಗಾಡಿತು. ನನ್ನ ಕಣ್ಣು ತಾನಾಗಿ ಪಪ್ಪನನ್ನು ಹುಡುಕಿತು. ಎರಡನೇ ಸಾಲಿನಲ್ಲಿ ಅಮ್ಮನ ಪಕ್ಕ ಅವರು ಕತ್ತು ವಾಲಿಸಿ, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದರು. ಆ ಮುಖದಲ್ಲಿ ಅಂಥ ಸುಖವನ್ನು ನಾನು ನಮ್ಮ ಮನೆಯಲ್ಲಿ ಎಂದೂ ಕಂಡಿರಲಿಲ್ಲ. ಅಮ್ಮ ನನ್ನ ಕಡೆ ನೋಡಿ, ಒಂದು ಬೆರಳನ್ನು ತುಟಿಯ ಮೇಲೆ ಇಟ್ಟಳು. ಸಾವಿರ ಸಲ ನೋಡಿದ ಬೆರಳು ಅದು. ಸರಿ, ಇಷ್ಟಾದರೂ ಮಲಗಲಿ, ಇವತ್ತಿನ ರಾತ್ರಿಗೆ ಇಷ್ಟು ನಿದ್ದೆಯಾದರೂ ಸಿಗಲಿ ಎಂದು ನಾನು ನಿರ್ಧರಿಸಿದೆ. ಉಳಿದವರು ಬದಿಗೆ ಸರಿದರು. ಸಂಗೀತ ಸಣ್ಣಗಾಗುತ್ತ ಹೋಯಿತು. ಮಿಸ್ ನೀನಾ ಪರದೆಯ ಸಂದಿಯಿಂದ ಒತ್ತು ಒತ್ತು ಎಂದು ಕೈಮಾಡುತ್ತಿದ್ದರು. ನಾನು ಅವರ ಕಡೆ ನೋಡಲಿಲ್ಲ. ಉಸಿರು ಬಿಗಿಹಿಡಿದು ಹಾರಿದೆ, ಆ ಟೊಳ್ಳು ಹಲಗೆಯ ಮೇಲೆ ಕೂಡ ಸದ್ದಿಲ್ಲದೆ ಇಳಿದೆ. ಸಂಗೀತ ನಿಂತಿತು. ಸೂಜಿ ಬಿದ್ದರೂ ಕೇಳುವಂಥ ಮೌನ.

ಆಗ ಪಪ್ಪ ಕುರ್ಚಿಯಿಂದ ಎದ್ದು ನಿಂತರು. ಎದ್ದು ನಿಂತದ್ದಲ್ಲ, ಚಿಮ್ಮಿದರು.

“ಎಂತ ಆಯ್ತು? ಯಾವುದು ನಿಂತದ್ದು?” ಎಂದು ಇಡೀ ಸಭೆಗೆ ಕೇಳುವಂತೆ ಕೂಗಿದರು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಚಪ್ಪಾಳೆ ತಟ್ಟಿದರು, ನನಗೋ ಪಪ್ಪನಿಗೋ ತಿಳಿಯಲಿಲ್ಲ. ನಾನು ಬಾಗಿ ವಂದಿಸುವುದನ್ನು ಮರೆತು ಒಳಗೆ ಓಡಿದೆ. ಅಷ್ಟು ಮೆಲ್ಲಗೆ ಇಳಿದರೂ ಎಬ್ಬಿಸಿಬಿಟ್ಟೆ, ಇನ್ನು ರಾತ್ರಿ ಏನು ಗತಿ ಎಂದು ಅಳು ಒತ್ತಿಕೊಂಡು ಬಂತು. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಅತ್ತೆ, ಅಭ್ಯಾಸಬಲದಿಂದ ಸದ್ದಿಲ್ಲದೆ. ಪಪ್ಪ ಕನ್ನಡಿಯಲ್ಲಿ ನೋಡಿದರು.

“ಎಂತಕ್ಕೆ ಮಗಾ ಅಳುದು? ಒಳ್ಳೆದಾಗಿತ್ತಲ್ಲ.”

“ನೀವು ನೋಡ್ಲೇ ಇಲ್ಲ. ನಾನು ನಿಮ್ಮನ್ನು ಎಬ್ಬಿಸಿದೆ. ಈಗ ಡ್ಯೂಟಿಯಲ್ಲಿ ತೂಕಡಿಕೆ ಬಂದ್ರೆ?”

ಪಪ್ಪ ಫಹಾಹೀಲಿನ ರಸ್ತೆಗೆ ಕಾರು ತಿರುಗಿಸಿದರು, ದೂರದಲ್ಲಿ ಚಿಮಣಿಗಳು ಕಂಡವು.

“ನೀನು ಎಬ್ಬಿಸ್ಲಿಲ್ಲ. ಸದ್ದು ನಿಂತದ್ದಕ್ಕೆ ಎಚ್ಚರ ಆದದ್ದು. ನಮ್ಮ ಪ್ಲಾಂಟಲ್ಲಿ ಯಾವಾಗ್ಲೂ ಮಿಷನ್ ಸದ್ದು ಇರ್ಬೇಕು. ಅದು ಇದ್ರೆ ಎಲ್ಲ ಸರಿ ಉಂಟು ಅಂತ ಲೆಕ್ಕ. ನಿಂತ್ರೆ ಮಾತ್ರ ನಾವು ಹೆದರುದು, ಓಡುದು. ಊರಲ್ಲಿಯೂ ಹಾಗೆಯೇ. ಸಣ್ಣದಿರುವಾಗ ಯಕ್ಷಗಾನದ ಆಟಕ್ಕೆ ಹೋದ್ರೆ ಚೆಂಡೆಯ ಬುಡದಲ್ಲಿಯೇ ಚಾಪೆ ಹಾಕಿ ಮಲಗುದು ನಾನು. ಚೆಂಡೆ ನಿಂತ್ರೆ ಕೂಡ್ಲೇ ಎಚ್ಚರ. ಸದ್ದಿಲ್ಲದ ಜಾಗದಲ್ಲಿ ನಂಗೆ ಕಣ್ಣು ಮುಚ್ಲಿಕ್ಕೆ ಆಗುದಿಲ್ಲ.”

ಅಮ್ಮ ನಿಧಾನವಾಗಿ ಅವರ ಕಡೆ ತಿರುಗಿದಳು.

“ಹಾಗಾದ್ರೆ ಮನೆಯಲ್ಲಿ?”

“ಮನೆಯಲ್ಲಿ ಎಂತ. ಮಲಗಿ ಕಿವಿ ಕೊಡುದು. ಸಣ್ಣ ಬಾಲೆ ಇದ್ದ ಮನೆಯಲ್ಲಿ ಒಂದು ಸದ್ದಿಲ್ಲ. ಬಿದ್ದಳಾ, ಜ್ವರವಾ, ಎಂತದಾದ್ರೂ ಆಯ್ತಾ ಅಂತ. ರುಕಿಯಾ ಒಬ್ಬಳು ಧಡ್ ಅಂದಾಗ ಒಂಚೂರು ಜೊಂಪು ಬರ್ತಿತ್ತು.”

“ಇಷ್ಟು ವರ್ಷ ಬಾಯಿ ಬಿಡ್ಲಿಕ್ಕೆ ಎಂತ ಆಗಿತ್ತು ನಿಮ್ಗೆ?”

“ಆ ಬೆಲ್ಲಿನ ತಂತಿ ಎಲ್ಲ ನೀನೇ ಬಿಚ್ಚಿದ್ದು. ಮಸಾಲೆ ಹೊತ್ತುಕೊಂಡು ಮೆಟ್ಲು ಹತ್ತುದು. ನಂಗೋಸ್ಕರ ಅಲ್ವಾ ಮಾರಾಯ್ತಿ. ಹೇಗೆ ಹೇಳುದು?”

ಅಮ್ಮ ಆ ಸಂಜೆ ಪಪ್ಪನ ಬುತ್ತಿ ಕಟ್ಟಿಕೊಟ್ಟು, ಬಸ್ಸು ಹೋದ ಮೇಲೆ ನನ್ನ ಪಕ್ಕ ಬಂದು ನಿಂತು ಮೊದಲ ಬಾರಿಗೆ ತಾನೂ ಆ ಬೆಂಕಿಯನ್ನು ನೋಡಿದಳು. ಬೆಂಕಿ ಸಣ್ಣಗಿತ್ತು. ನನಗೆ ಅವಳನ್ನು ನೆನೆದು ಅಯ್ಯೋ ಅನ್ನಿಸಿತು, ನನ್ನನ್ನು ನೆನೆದೂ ಅನ್ನಿಸಿತು. ನಾವಿಬ್ಬರೂ ಸೇರಿ ಕಷ್ಟಪಟ್ಟು ಕಟ್ಟಿದ್ದು ಪಪ್ಪನ ನಿದ್ದೆಯನ್ನಲ್ಲ, ಅವರ ಎಚ್ಚರವನ್ನು.

ಮರುದಿನ ಮಧ್ಯಾಹ್ನ ನಾನು ಹಾಲಿನಲ್ಲಿ ಕೂತು ಪುಸ್ತಕದ ಹಾಳೆಯನ್ನು ಸದ್ದಾಗದಂತೆ ತಿರುಗಿಸುತ್ತಿದ್ದೆ. ಪಪ್ಪ ಒಳಗೆ ಮಲಗಿದ್ದರು. ಅಮ್ಮ ಅಡುಗೆಮನೆಯಿಂದ ಬಂದಳು, ಕೈಯಲ್ಲಿ ಮಿಕ್ಸಿ. ಎಂದೂ ಎಳೆಯದ ಊಟದ ಮೇಜನ್ನು ಕರ್ರೆಂದು ಪಪ್ಪನ ಬಾಗಿಲಿನವರೆಗೆ ಎಳೆದಳು. ಅದರ ಮೇಲೆ ಮಿಕ್ಸಿ ಕುಕ್ಕಿದಳು. ಬಾಗಿಲನ್ನು ಪೂರ್ತಿ ತೆರೆದಳು. ತೆಂಗಿನಕಾಯಿ, ಮೆಣಸು ತುಂಬಿ ಗುಂಡಿ ತಿರುಗಿಸಿದಾಗ ಅವಳ ಮುಖದಲ್ಲಿದ್ದದ್ದು ಬರಿಯ ಸಿಟ್ಟು. ವರ್ಷಗಳ ಸಿಟ್ಟು. ನಾನು ಕಿವಿ ಮುಚ್ಚಿಕೊಂಡೆ. ಮಿಕ್ಸಿ ಅರಚಿತು, ಮೇಲಿನ ಮಹಡಿಯಿಂದ ಝೊಹರಾ ಆಂಟಿ ಗಾಬರಿಯಿಂದ ಇಳಿದು ಬಂದು ಹೊರಬಾಗಿಲು ಕೆರೆದೂ ಸಾಲದೆ ದಬದಬ ಬಡಿದರು. ಅಮ್ಮ ಮಿಕ್ಸಿ ಆರಿಸಲಿಲ್ಲ. ನಾನು ಹೋಗಿ ಬಾಗಿಲು ತೆರೆದು ವಾಪಸು ಬರುವಷ್ಟರಲ್ಲಿ ಅವಳ ಮುಖ ಬದಲಾಗಿತ್ತು. ಒಂದು ಕೈ ಮಿಕ್ಸಿಯ ಮುಚ್ಚಳದ ಮೇಲೆಯೇ ಇತ್ತು, ಇನ್ನೊಂದು ಕೈಯಿಂದ ಕೋಣೆಯ ಒಳಗೆ ತೋರಿಸಿದಳು.

ಮಿಕ್ಸಿಯನ್ನೂ ಮೀರಿಸಿ ಪಪ್ಪ ಗೊರಕೆ ಹೊಡೆಯುತ್ತಿದ್ದರು. ನಮ್ಮ ಮನೆಯಲ್ಲಿ ಗೊರಕೆಯನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮ ನೆಲದ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. ಮಿಕ್ಸಿ ಅವಳ ತಲೆಯ ಮೇಲೆ ಇನ್ನೂ ತಿರುಗುತ್ತಿತ್ತು.

“ಅದು ಬಿಸಿಯಾಗಿ ಸುಟ್ಟುಹೋಗ್ತದೆ, ನಿಲ್ಲಿಸು,” ಎಂದರು ಝೊಹರಾ ಆಂಟಿ.

“ನಿಲ್ಲಿಸಿದ್ರೆ ಏಳ್ತಾರೆ,” ಎಂದಳು ಅಮ್ಮ. ಆಮೇಲೆ ಸೆರಗು ಸರಿಸಿ ನನ್ನನ್ನು ನೋಡಿದಳು. “ನೀನು ಕುಣಿ.”

ನಾನು ಹಾಲಿನ ನಡುವೆ ಹೋಗಿ ನಿಂತೆ. ಅಮ್ಮ ಎದ್ದು ಮಿಕ್ಸಿಯ ಗುಂಡಿಯ ಮೇಲೆ ಕೈ ಇಟ್ಟುಕೊಂಡು ಕಾದಳು. ನಾನು ಹಾರಿದೆ, ಅವಳು ಗುಂಡಿ ತಿರುಗಿಸಿದಳು, ಮಿಕ್ಸಿ ನಿಂತಿತು. ನನ್ನ ಕಾಲು ನೆಲ ಮುಟ್ಟಿದ್ದು ಯಾರಿಗೂ ಕೇಳಲಿಲ್ಲ. ಒಳಗೆ ಗೊರಕೆ ಅರ್ಧಕ್ಕೆ ತುಂಡಾಯಿತು. ಮಂಚ ಕಿರುಗುಟ್ಟಿತು. ಅಮ್ಮ, ಝೊಹರಾ ಆಂಟಿ ಇಬ್ಬರೂ ನನ್ನ ಕಾಲನ್ನೇ ನೋಡಿದರು. ಪಪ್ಪ ಏಳುತ್ತಿದ್ದಾರೆ. ನನಗೆ ಬೇರೆ ದಾರಿ ಇರಲಿಲ್ಲ. ಪಾದ ಪೂರ್ತಿ ಊರಿದೆ, ಮಂಡಿ ಮಡಿಸಿ ನೆಲವನ್ನು ನನ್ನ ಶಕ್ತಿಯಿದ್ದಷ್ಟು ಒತ್ತಿದೆ, ಹಾರಿದೆ. ಅಷ್ಟು ಎತ್ತರದಿಂದ ನಮ್ಮ ಹಾಲನ್ನು ನಾನು ಎಂದೂ ನೋಡಿರಲಿಲ್ಲ. ಎರಡೂ ಹಿಮ್ಮಡಿ ಒಟ್ಟಿಗೆ ನೆಲಕ್ಕೆ ಬಡಿದವು. ಕಪಾಟಿನ ಸ್ಟೀಲಿನ ಲೋಟಗಳು ಝಣಗುಟ್ಟಿದವು.

ನಾವು ಮೂವರೂ ಬಾಗಿಲಿನ ಕಡೆ ಕಿವಿಕೊಟ್ಟು ನಿಂತೆವು. ಒಳಗಿನಿಂದ ಪಪ್ಪ ಮಗ್ಗುಲು ಬದಲಿಸಿದ್ದು ಕೇಳಿತು, ಒಂದು ನಿಟ್ಟುಸಿರು ಕೇಳಿತು, ಆಮೇಲೆ ಗೊರಕೆ ಮತ್ತೆ ಶುರುವಾಯಿತು. ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಆ ಬಡಿತ ಇಳಿಯುವ ಮೊದಲೇ ನಾನು ಇನ್ನೊಮ್ಮೆ ಹಾರಿದೆ.